ಶೃಂಗೇರಿಗೆ ಹೋಗಿ ವಾಪಸ್ ಬಂದ ಮೀನು

ಬೆಳಗಿನ ಜಾವ 5 ಗಂಟೆಗೆ ಬೆಂಗಳೂರು ಬಿಟ್ಟಾಗ ಕಾರಿನಲ್ಲಿ ನಾಲ್ಕು ಜೀವ ಇದ್ದವು. ಸ್ಟೇರಿಂಗ್ ಹಿಡಿದ ಗಂಡ, ಪಕ್ಕದಲ್ಲಿ ನನ್ನ ಮಾವ, ಹಿಂದಿನ ಸೀಟಿನಲ್ಲಿ ನಾನು. ನಾಲ್ಕನೆಯದು ನನ್ನ ಕಾಲ ಹತ್ತಿರ, ಮುಚ್ಚಳಕ್ಕೆ ತೂತು ಕೊರೆದ 20 ಲೀಟರಿನ ಬಿಳಿ ಬಕೆಟ್‌ನಲ್ಲಿತ್ತು. ಹೆಚ್ಚುಕಮ್ಮಿ ಒಂದು ಗೇಣುದ್ದದ, ಕಪ್ಪು ಚುಕ್ಕೆಯ ಸಕ್ಕರ್ ಮೀನು. ಬ್ಯಾಟರಿಯ ಏರ್ ಪಂಪು ಗುರ್ ಅಂತ ಒಂದೇ ಸಮ ಸದ್ದು ಮಾಡ್ತಿತ್ತು.

ಹೊರಟಿದ್ದು ಶೃಂಗೇರಿ ಹತ್ತಿರದ ಮಾವನ ಊರಿಗೆ. ಅತ್ತೆಯ ಮೊದಲ ವರ್ಷದ ತಿಥಿ. ಅದರ ಜೊತೆಗೆ ಮಾವ ಇನ್ನೊಂದು ಕೆಲಸವನ್ನೂ ಇಟ್ಟುಕೊಂಡಿದ್ರು. ಆ ಮೀನನ್ನ ತುಂಗೆಗೆ ಬಿಡೋದು.

'ಹೊಳೇಲಿ ದೇವರ ಮೀನಿನ ಜೊತೆ ಆರಾಮಾಗಿ ಇರ್ತದೆ ಬಿಡು. ಅದಕ್ಕೂ ಆ ಡಬ್ಬಿ ಹಿಡಿಸ್ತಿಲ್ಲ' ಅಂದಿದ್ರು.

ಹಾಗೆ ಬಿಡಬಾರದು ಅಂತ ನನಗೆ ಗೊತ್ತಿತ್ತು. ಆದರೆ ಆ 'ಅದಕ್ಕೂ' ಅನ್ನೋ ಮಾತು ಕೇಳಿದ ಮೇಲೆ ನನ್ನ ಬಾಯಿ ಕಟ್ಟಿಹೋಗಿತ್ತು. 300 ಚಿಲ್ಲರೆ ಕಿಲೋಮೀಟರ್ ದಾರಿ ಇದೆಯಲ್ಲ, ಎಲ್ಲಾದ್ರೂ ಒಂದು ಕಡೆ ಹೇಳೋಣ ಅಂದುಕೊಂಡು ಸುಮ್ಮನೆ ಕೂತಿದ್ದೆ.

ಶಿವಾಜಿನಗರದ ಹದಿನೆಂಟು ಮೀನು

ಮಾವ ಬೆಂಗಳೂರಿಗೆ ಬಂದದ್ದು ಅತ್ತೆ ತೀರಿಕೊಂಡ ಮೇಲೆ. ಊರಿನಲ್ಲಿ ಹಂಚಿನ ಮನೆ, ಒಂದೂವರೆ ಎಕರೆ ಅಡಿಕೆ ತೋಟ, ತೋಟದ ಅಂಚಿಗೆ ಹಳ್ಳ. ಇಲ್ಲಿ ಏಳನೇ ಮಹಡಿಯಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟು. ನಾವಿಬ್ಬರೂ ಬೆಳಗಿನಿಂದ ಲ್ಯಾಪ್‌ಟಾಪ್ ಮುಂದೆ. ಮಾವ ಬಾಲ್ಕನಿಯಲ್ಲಿ ಕೂತು ಕೆಳಗಿನ ರಸ್ತೆಯಲ್ಲಿ ಹೋಗುವ ನೀರಿನ ಟ್ಯಾಂಕರ್ ಎಣಿಸ್ತಿದ್ರು. ತಮಾಷೆಗಲ್ಲ, ನಿಜವಾಗ್ಲೂ ಎಣಿಸ್ತಿದ್ರು. ರಾತ್ರಿ ಊಟಕ್ಕೆ ಕೂತಾಗ 'ಇವತ್ತು ಹದಿಮೂರು ಮಾರಾಯ್ತಿ' ಅನ್ನೋರು. ನನಗೆ ಹೊಟ್ಟೆಯಲ್ಲಿ ಏನೋ ಆಗ್ತಿತ್ತು.

ಸಂಕ್ರಾಂತಿ ಕಳೆದ ಶನಿವಾರ ಒಂದು ಉಪಾಯ ಹೊಳೆಯಿತು. ಮನೆಗೊಂದು ಅಕ್ವೇರಿಯಂ ತರೋಣ, ಎಣಿಸೋಕೆ ಟ್ಯಾಂಕರ್ ಬದಲು ಮೀನಾದ್ರೂ ಇರಲಿ. ಮಾವನನ್ನ ಕರಕೊಂಡು ಶಿವಾಜಿನಗರಕ್ಕೆ ಹೋದೆ. ಗೋಡೆ ತುಂಬಾ ಗಾಜಿನ ಪೆಟ್ಟಿಗೆ, ಬಣ್ಣಬಣ್ಣದ ಲೈಟು, ಕವರ್‌ಗಳಲ್ಲಿ ತೂಗುಹಾಕಿದ ಮೀನು. ನಾನು ಮೀನು ಆರಿಸಿದ್ದು ಸೀರೆ ಅಂಗಡಿಯಲ್ಲಿ ಬಣ್ಣ ಆರಿಸೋ ಹಾಗೆ. ಅದೊಂದು, ಇದೊಂದು, ಆ ಪಟ್ಟೆಯದು ಐದು.

2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ಪೆಟ್ಟಿಗೆ. ತುಂಬಿಸಿದರೆ ಸುಮಾರು 56 ಲೀಟರ್ ನೀರು. ಅದಕ್ಕೆ 2 ಏಂಜೆಲ್, 6 ನಿಯಾನ್ ಟೆಟ್ರಾ, 5 ಟೈಗರ್ ಬಾರ್ಬ್, 4 ಗಪ್ಪಿ, 'ಟ್ಯಾಂಕ್ ಕ್ಲೀನ್ ಮಾಡುತ್ತೆ' ಅಂತ 1 ಸಕ್ಕರ್. ಒಟ್ಟು 18. 'ಎಲ್ಲ ಒಟ್ಟಿಗೆ ಇರ್ತಾವಾ?' ಅಂತ ಕೇಳಿದ್ದೆ. 'ಏನೂ ಆಗಲ್ಲ ಮೇಡಂ' ಅಂದ್ರು. ನಾನೂ ಅಷ್ಟಕ್ಕೇ ಬಿಟ್ಟೆ. ಅದೇ ದಿನ ನೀರು ತುಂಬಿಸಿ, ಆಂಟಿ ಕ್ಲೋರಿನ್ ನಾಲ್ಕು ಹನಿ ಹಾಕಿ, ಹದಿನೆಂಟನ್ನೂ ಬಿಟ್ಟೆವು.

ಮೊದಲ ವಾರ ಮಾವ ಟ್ಯಾಂಕರ್ ಮರೆತರು. ಕುರ್ಚಿ ಬಾಲ್ಕನಿಯಿಂದ ಹಾಲ್‌ಗೆ ಬಂತು. ಎರಡನೇ ವಾರ ಗಪ್ಪಿಗಳ ಬಾಲ ಹರಿದ ಬಾವುಟದ ಹಾಗೆ ಕಾಣತೊಡಗಿತು. ಟೈಗರ್ ಬಾರ್ಬ್‌ಗಳು ಹಿಂದೆ ಹಿಂದೆ ಹೋಗಿ ಕಚ್ಚುತ್ತಿದ್ದವು. ತಿಂಗಳು ಕಳೆಯೋದರೊಳಗೆ ನಾಲ್ಕೂ ಗಪ್ಪಿ ಹೋದವು. ಆಮೇಲೆ ಸ್ವಲ್ಪ ದಿನ ಎಲ್ಲ ಸರಿಯಿತ್ತು. ಏಪ್ರಿಲ್‌ನಲ್ಲಿ ಮತ್ತೆ ಎಣಿಕೆ ತಪ್ಪತೊಡಗಿತು.

'ಇವತ್ತು ಒಂದು ಕಮ್ಮಿ ಇದೆ ಮಾರಾಯ್ತಿ.'

ನಿಯಾನ್ ಒಂದೊಂದಾಗಿ ಕಾಣೆಯಾಗ್ತಿದ್ದವು. ಹೆಣವೂ ಇಲ್ಲ, ಕುರುಹೂ ಇಲ್ಲ. ತಂದಾಗ ಒಂದು ರೂಪಾಯಿ ನಾಣ್ಯದಷ್ಟಿದ್ದ ಏಂಜೆಲ್‌ಗಳು ಅಷ್ಟರಲ್ಲಿ ಅಂಗೈಯಗಲಕ್ಕೆ ಬೆಳೆದಿದ್ದವು. ರಾತ್ರಿ ಲೈಟ್ ಆರಿದ ಮೇಲೆ ಅವು ಏನು ಮಾಡ್ತಿವೆ ಅಂತ ಗೊತ್ತಾಗೋಕೆ ನನಗೆ ಮೂರು ನಿಯಾನ್ ಬೇಕಾಯ್ತು.

ನನ್ನನ್ನು ಚುಚ್ಚಿದ್ದು ಮೀನು ಸತ್ತದ್ದಕ್ಕಿಂತ ಹೆಚ್ಚಾಗಿ ಇನ್ನೊಂದು. ಹೆಂಡತಿಯನ್ನ ಕಳಕೊಂಡು ಆರು ತಿಂಗಳಾಗದ ಮನುಷ್ಯ ಬೆಳಗ್ಗೆ ಎದ್ದು, ಮುಖ ತೊಳೆದು ಬಂದು, ಇವತ್ತು ಯಾರು ಕಮ್ಮಿ ಅಂತ ಎಣಿಸೋ ಹಾಗೆ ಮಾಡಿಟ್ಟಿದ್ದೆ ನಾನು.

ಅವತ್ತಿನಿಂದ ಓದೋಕೆ ಶುರು ಮಾಡಿದೆ. ಜೂನ್ ಹೊತ್ತಿಗೆ ಏಂಜೆಲ್ ಎರಡನ್ನೂ ದೊಡ್ಡ, ಎತ್ತರದ ಟ್ಯಾಂಕ್ ಇಟ್ಟಿದ್ದ ಸಹೋದ್ಯೋಗಿಯೊಬ್ಬರಿಗೆ ಕೊಟ್ಟೆ. ಟೈಗರ್ ಬಾರ್ಬ್‌ಗಳನ್ನ ಮನೆ ಹತ್ತಿರದ ಇನ್ನೊಂದು ಅಂಗಡಿಯವರು ದುಡ್ಡಿಲ್ಲದೆ ವಾಪಸ್ ತಗೊಂಡ್ರು. ಉಳಿದದ್ದು ಮೂಲೆಯಲ್ಲಿ ಅಡಗಿ ಕೂರುವ 3 ನಿಯಾನ್, ಮತ್ತೆ ಈ ಸಕ್ಕರ್. ಎರಡು ಇಂಚು ಇದ್ದದ್ದು ಹತ್ತು ತಿಂಗಳಲ್ಲಿ ಗೇಣುದ್ದ ಆಗಿತ್ತು. ತಿರುಗಿದರೆ ಗಿಡ ಕಿತ್ತು ಬರೋದು, ಕಲ್ಲು ಉರುಳೋದು. ಕ್ಲೀನ್ ಮಾಡೋದಿರಲಿ, ಎಲ್ಲರಿಗಿಂತ ಹೆಚ್ಚು ಗಲೀಜು ಮಾಡ್ತಿದ್ದದ್ದೇ ಅದು. ಅಂಗಡಿಯವರು ಯಾರೂ ಬೇಡ ಅಂದ್ರು. ಆಗಲೇ ಮಾವ ತುಂಗೆಯ ಮಾತೆತ್ತಿದ್ದು.

ಸಂಕದ ಮೇಲೆ ಕೂತು ಕಂಡದ್ದು

ಚನ್ನರಾಯಪಟ್ಟಣದಲ್ಲಿ ಇಡ್ಲಿ, ಹಾಸನ ದಾಟಿ ಬೇಲೂರು, ಚಿಕ್ಕಮಗಳೂರು. ಆಲ್ದೂರಿನಿಂದ ಮುಂದೆ ದಾರಿ ಕಾಫಿ ತೋಟಗಳ ನೆರಳಿಗೆ ಇಳಿಯುತ್ತೆ. ಬಾಳೆಹೊನ್ನೂರಿನಲ್ಲಿ ಭದ್ರೆ ಸಿಕ್ಕಾಗ ಮಾವ ಕಿಟಕಿ ಇಳಿಸಿ ಕೈಮುಗಿದ್ರು. ತುಂಗೆ, ಭದ್ರೆ ಎರಡೂ ಹುಟ್ಟೋದು ಗಂಗಾಮೂಲದಲ್ಲಿ. ಬೇರೆ ಬೇರೆ ದಾರಿ ಹಿಡಿದು ಹರಿದು ಶಿವಮೊಗ್ಗ ಹತ್ತಿರದ ಕೂಡ್ಲಿಯಲ್ಲಿ ಮತ್ತೆ ಸೇರ್ತವೆ. ಮೈಸೂರಿನವಳಾದ ನನಗೆ ಇದನ್ನೆಲ್ಲ ಹೇಳಿಕೊಟ್ಟವರು ಅತ್ತೆ. ಜಯಪುರ ದಾಟೋವರೆಗೂ ನಾನು ಮೀನಿನ ವಿಷಯ ಎತ್ತಲಿಲ್ಲ.

ಮನೆ ತಲುಪಿ ಬಕೆಟ್ಟನ್ನ ಬಚ್ಚಲುಮನೆಯಲ್ಲಿ ಇಟ್ಟು, ಸ್ವಲ್ಪ ಸ್ವಲ್ಪವಾಗಿ ಬಾವಿ ನೀರು ಸೇರಿಸಿದೆ. ಬಾವಿ ನೀರಿಗೆ ಕ್ಲೋರಿನ್ ತೊಂದರೆ ಇಲ್ಲ, ಆದರೆ ತಂಪು ಜಾಸ್ತಿ. ಒಮ್ಮೆಲೇ ಸುರಿದರೆ ಮೀನಿಗೆ ಪೆಟ್ಟು. ಪ್ರಯಾಣದ ಮುನ್ನಾದಿನ ಏನೂ ತಿನ್ನಿಸಿರಲಿಲ್ಲ, ನೀರು ಕೆಡಬಾರದು ಅಂತ. ರಾತ್ರಿ ಒಂದು ಸೌತೆಕಾಯಿ ಹೋಳು ಹಾಕಿದ್ದೆ. ಬೆಳಗ್ಗೆ ನೋಡಿದರೆ ಸಿಪ್ಪೆ ಮಾತ್ರ ಉಳಿದಿತ್ತು.

ಮಾರನೇ ದಿನ ತಿಥಿ ಮುಗಿದು, ನೆಂಟರೆಲ್ಲ ಹೊರಟ ಮೇಲೆ ಮಾವ 'ಬಾ, ಹಳ್ಳ ನೋಡ್ಕೊಂಡು ಬರೋಣ' ಅಂದ್ರು. ತೋಟದ ಕೊನೆಗೆ ಹಳ್ಳ ದಾಟೋಕೆ ಎರಡು ಅಡಿಕೆ ಮರ ಜೋಡಿಸಿದ ಸಂಕ. ನವೆಂಬರ್ ತಿಂಗಳು. ಮಳೆಗಾಲದ ಕೆಂಪು ಇಳಿದು ನೀರು ಗಾಜಿನ ಹಾಗಿತ್ತು. ಸಂಕದ ಮೇಲೆ ಕಾಲು ಇಳಿಬಿಟ್ಟು ಕೂತೆವು.

'ಅಲ್ಲಿ ನೋಡು' ಅಂದ್ರು ಮಾವ. 'ಮೇಲೆ ಮೇಲೆ ಓಡಾಡ್ತಾವಲ್ಲ, ಅವು ಮೇಲಿನಮನೆಯೋರು. ನೀರಿಗೆ ಬಿದ್ದ ಇರುವೆ, ನೊಣ ಎಲ್ಲ ಅವರ ಪಾಲು.'

ನೀಲಿ, ಹಳದಿ ಗೀಟಿನ ಸಣ್ಣ ಮೀನುಗಳು ಪ್ರವಾಹಕ್ಕೆ ಎದುರಾಗಿ ನಿಂತಿದ್ದವು. ಡ್ಯಾನಿಯೊ ಅಂತ ಓದಿ ಗೊತ್ತಿತ್ತು. ಸ್ವಲ್ಪ ಕೆಳಗೆ ಮೈಮೇಲೆ ಕಪ್ಪು ಪಟ್ಟೆಯ ಬಾರ್ಬ್‌ಗಳ ಗುಂಪು. 'ಇವು ನಡುಮನೆಯೋರು. ಹತ್ತಿಪ್ಪತ್ತು ಜನ ಒಟ್ಟಿಗೇ ಇರ್ತಾರೆ. ಒಂದನ್ನೇ ಬಿಟ್ಟರೆ ಹೆದರಿ ಸಾಯ್ತದೆ.' ತಳದಲ್ಲಿ ಕಲ್ಲಿಗೆ ಅಂಟಿಕೊಂಡು ಪಾಚಿ ಕೆರೆಯುವ ಕಂದು ಮೀನು, ಮರಳಲ್ಲಿ ಮೂತಿ ಹೂತಿಟ್ಟ ಲೋಚ್. 'ಇವು ಕೆಳಗಿನಮನೆಯೋರು.'

ಮಲೆನಾಡಿನಲ್ಲಿ ಮನೆಗಳನ್ನ ಕರೆಯೋದೇ ಹಾಗೆ. ಮೇಲಿನಮನೆ, ನಡುಮನೆ, ಕೆಳಗಿನಮನೆ. ಇಂಗ್ಲಿಷ್ ಲೇಖನಗಳಲ್ಲಿ ನಾನು ಚಾರ್ಟ್ ಹಾಕಿಕೊಂಡು ಕಲಿತದ್ದನ್ನ ಮಾವ ಬೆರಳು ತೋರಿಸಿ ಎರಡು ನಿಮಿಷದಲ್ಲಿ ಮುಗಿಸಿದ್ರು.

'ಜಗಳ ಆಡಲ್ವಾ ಮಾವ ಇವು?'

'ಆಡದೆ ಎಂತ? ದೊಡ್ಡ ಬಾಯಿಯೋರು ಬಂದ್ರೆ ಸಣ್ಣೋರು ಓಡ್ತಾರೆ. ಓಡ್ಲಿಕ್ಕೆ ಹಳ್ಳ ಇದೆ. ಕಲ್ಲಿನ ಸಂದಿ ಇದೆ, ಬೇರು ಇದೆ. ನಿನ್ನ ಡಬ್ಬೀಲಿ ಓಡಿ ಎಲ್ಲಿಗೆ ಹೋಗ್ತಾವೆ ಪಾಪ?'

ಅವರು ನನ್ನನ್ನ ಆಕ್ಷೇಪಿಸೋಕೆ ಹೇಳಿದ್ದಲ್ಲ. ಆದರೆ ಇಡೀ ವಿಷಯ ಅಷ್ಟೇ ಇತ್ತು. ಹೊಳೆಯಲ್ಲಿ ಜೊತೆ ಹೊಂದದಿದ್ದರೆ ದೂರ ಹೋಗಬಹುದು. ಟ್ಯಾಂಕಿನಲ್ಲಿ ಎರಡಡಿ ಆಚೆ ಗಾಜು. ಅಲ್ಲಿ ಯಾರು ಯಾರ ಜೊತೆ ಇರಬೇಕು ಅಂತ ತೀರ್ಮಾನ ಮಾಡೋದು ಮೀನಲ್ಲ, ನಾವು.

ಗಂಡ ಬಂದು 'ಅಪ್ಪಾ, ಇವನ್ನೇ ನಾಲ್ಕು ಹಿಡ್ಕೊಂಡು ಹೋದ್ರೆ?' ಅಂದ. ಮಾವ ತಲೆ ಅಲ್ಲಾಡಿಸಿದ್ರು. ಅವರ ಕಾರಣ ಬೇರೆ, ನನ್ನದು ಬೇರೆ, ಉತ್ತರ ಒಂದೇ. ಹರಿಯುವ ತಂಪು ನೀರಿನ ಮೀನು ಏಳನೇ ಮಹಡಿಯ ಬೇಸಿಗೆಗೆ ಹೊಂದೋದಿಲ್ಲ. ಮೇಲಾಗಿ ನಮ್ಮ ಘಟ್ಟದ ಮೀನುಗಳು ಈಗಾಗಲೇ ಕಷ್ಟದಲ್ಲಿವೆ. ಕೇರಳ ಮತ್ತು ದಕ್ಷಿಣ ಕರ್ನಾಟಕದ ಹೊಳೆಗಳ 'ಮಿಸ್ ಕೇರಳ' ಅನ್ನೋ ಕೆಂಪು ಗೀಟಿನ ಚೆಂದದ ಮೀನನ್ನ ಅಕ್ವೇರಿಯಂ ಮಾರಾಟಕ್ಕೆ ಹಿಡಿದೂ ಹಿಡಿದೂ, ಇವತ್ತು ಅದು ಅಳಿವಿನಂಚಿನ ಪಟ್ಟಿಯಲ್ಲಿದೆ.

ಕಪ್ಪೆ ಶಂಕರನ ಮೆಟ್ಟಿಲು

ಮೂರನೇ ದಿನ ಬೆಳಗ್ಗೆ ಶೃಂಗೇರಿ. ಶಾರದಾಂಬೆಯ ದರ್ಶನ ಮಾಡಿ, ವಿದ್ಯಾಶಂಕರ ದೇವಸ್ಥಾನಕ್ಕೆ ಒಂದು ಸುತ್ತು ಹಾಕಿ, ತುಂಗೆಯ ಮೆಟ್ಟಿಲಿಗೆ ಇಳಿದೆವು. ಮಕ್ಕಳು ಮಂಡಕ್ಕಿ ಎರಚ್ತಿದ್ರು. ನೀರು ಕುದಿಯೋ ಹಾಗೆ ಮೀನುಗಳು. ಮೊಳದುದ್ದದವು, ಇನ್ನೂ ದೊಡ್ಡವು, ಕಪ್ಪು ಬೆನ್ನು ತೋರಿಸಿ ಒಂದರ ಮೇಲೊಂದು ಉರುಳ್ತಿದ್ದವು. ಇಲ್ಲಿ ಇವನ್ನ ಯಾರೂ ಹಿಡಿಯೋ ಹಾಗಿಲ್ಲ. ದೇವರ ಮೀನು.

ಮಾವ ಬಕೆಟ್ ಹಿಡಿದು ಕಪ್ಪೆ ಶಂಕರನ ಗುಡಿಯ ಹತ್ತಿರ ನಿಂತ್ರು. ಕಥೆ ನಿಮಗೂ ಗೊತ್ತಿರಬಹುದು. ಪೀಠಕ್ಕೆ ಜಾಗ ಹುಡುಕುತ್ತಾ ಬಂದ ಶಂಕರಾಚಾರ್ಯರಿಗೆ ಈ ನದೀತೀರದಲ್ಲಿ, ಉರಿಬಿಸಿಲಿನಲ್ಲಿ, ಹೆರಿಗೆ ನೋವು ತಿನ್ನುತ್ತಿದ್ದ ಕಪ್ಪೆಗೆ ಹಾವೊಂದು ಹೆಡೆ ಬಿಚ್ಚಿ ನೆರಳು ಹಿಡಿದದ್ದು ಕಂಡಿತಂತೆ. ಹುಟ್ಟು ವೈರಿಗಳೂ ಒಟ್ಟಿಗೆ ಬಾಳುವ ಜಾಗ ಅಂತ ಇಲ್ಲೇ ಪೀಠ ಸ್ಥಾಪಿಸಿದರು ಅಂತ ಐತಿಹ್ಯ.

'ಹಾವು ಕಪ್ಪೆ ಒಟ್ಟಿಗೆ ಇದ್ದ ಜಾಗ. ಈ ಬಡಪಾಯಿಗೆ ಜಾಗ ಇಲ್ವಾ?' ಅಂತ ಮಾವ ಮುಚ್ಚಳ ತೆಗೆಯೋಕೆ ಬಗ್ಗಿದ್ರು.

'ಮಾವ, ಒಂದ್ನಿಮಿಷ.'

'ಎಂತ?'

'ಬಿಡೋದು ಬೇಡ ಮಾವ.'

ಅವರು ನೆಟ್ಟಗೆ ನಿಂತ್ರು. ಮದುವೆಯಾಗಿ ನಾಲ್ಕು ವರ್ಷದಲ್ಲಿ ಮಾವನಿಗೆ ನಾನು ಬೇಡ ಅಂದದ್ದು ಅದೇ ಮೊದಲು. 'ಇಷ್ಟು ದೂರ ಹೊತ್ತು ತಂದ ಮೇಲೆ ಹೇಳ್ತೀಯಲ್ಲ' ಅಂದ್ರು. ಧ್ವನಿ ಸಣ್ಣದಾಗಿತ್ತು. 'ಅವಳ ಹೆಸರಲ್ಲಿ ಒಂದು ಜೀವ ಬಿಟ್ಟ ಹಾಗೆ ಆಗ್ತದೆ ಅಂತ ಇತ್ತು ನಂಗೆ.'

ಇದನ್ನ ಅವರು ಯಾರಿಗೂ ಹೇಳಿರಲಿಲ್ಲ. ಮಗನಿಗೂ. ನಾನು ಮೆಟ್ಟಿಲ ಮೇಲೆ ಕೂತೆ. ಸ್ವಲ್ಪ ಹೊತ್ತಾದ ಮೇಲೆ ಅವರೂ ಕೂತ್ರು, ನಡುವೆ ಬಕೆಟ್ ಇಟ್ಟುಕೊಂಡು.

ಗೊತ್ತಿದ್ದಷ್ಟು ಹೇಳಿದೆ. ಇದು ದಕ್ಷಿಣ ಅಮೆರಿಕದ ಮೀನು. ಮೈಯೆಲ್ಲ ಗಟ್ಟಿ ತಗಡಿನಂಥ ಹೊದಿಕೆ, ಮುಳ್ಳಿನ ರೆಕ್ಕೆ. ಇಲ್ಲಿನ ಮೀನು, ಹಕ್ಕಿಗಳು ಇದನ್ನ ಸುಲಭಕ್ಕೆ ತಿನ್ನೋಕಾಗಲ್ಲ. ನೀರಲ್ಲಿ ಆಮ್ಲಜನಕ ಕಮ್ಮಿಯಾದರೆ ಮೇಲೆ ಬಂದು ಗಾಳಿ ನುಂಗಿ ಬದುಕುತ್ತೆ. ದಡದ ಮಣ್ಣಲ್ಲಿ ಬಿಲ ಕೊರೆದು ಮೊಟ್ಟೆ ಇಡುತ್ತೆ, ದಡ ಕುಸಿಯುತ್ತೆ. ನಿನ್ನೆ ಕಂಡ ಕೆಳಗಿನಮನೆಯವರು ತಿನ್ನೋ ಪಾಚಿಯನ್ನೆಲ್ಲ ಇದೇ ಕೆರೆದು ಮುಗಿಸುತ್ತೆ, ಸಿಕ್ಕಿದರೆ ಬೇರೆ ಮೀನಿನ ಮೊಟ್ಟೆಯನ್ನೂ ಬಿಡಲ್ಲ. ಟ್ಯಾಂಕಿನ ರೋಗವೂ ಅದರ ಜೊತೆ ಹೊಳೆಗೆ ಬರಬಹುದು. ಹೀಗೆ ಯಾರೋ ಮನೆಯಿಂದ ತಂದು ಬಿಟ್ಟವೇ ನಮ್ಮ ದೇಶದ ಎಷ್ಟೋ ಕೆರೆ, ಕಾಲುವೆಗಳಲ್ಲಿ ಈಗ ಮೀನುಗಾರರ ಬಲೆ ಹರಿಯುತ್ತಿವೆ. ಒಂದೇ ಮೀನು ಮರಿ ಮಾಡಲ್ಲ, ನಿಜ. ಆದರೆ ನಮ್ಮ ಹಾಗೇ ಯೋಚಿಸುವ ಇನ್ನೊಬ್ಬರು ಇನ್ನೊಂದನ್ನ ತಂದು ಬಿಟ್ಟಿರಬಹುದಲ್ಲ?

'ಸತ್ತರೆ ನಾವು ಕೊಂದ ಹಾಗೆ ಮಾವ. ಬದುಕಿದರೆ ಇವನ್ನ ಕೊಂದ ಹಾಗೆ' ಅಂತ ಮಂಡಕ್ಕಿ ತಿನ್ನುತ್ತಿದ್ದ ಮೀನುಗಳ ಕಡೆ ತೋರಿಸಿದೆ.

ಮಾವ ಬಹಳ ಹೊತ್ತು ನೀರು ನೋಡ್ತಾ ಕೂತ್ರು. ಆಮೇಲೆ 'ಲಂಟಾನ ಇದ್ದ ಹಾಗೆ ಅಂತಾಯ್ತು' ಅಂದ್ರು. 'ಹೂವು ಚೆಂದ ಅಂತ ಯಾರೋ ತಂದ್ರು. ಈಗ ಕಾಡೆಲ್ಲ ಅದೇ.'

'ಹೌದು ಮಾವ.'

'ಮೊದಲೇ ಹೇಳ್ಬಾರ್ದಿತ್ತಾ ಮಾರಾಯ್ತಿ?'

'ಹೆದರಿಕೆ ಆಯ್ತು.'

ಅದಕ್ಕೆ ಮಾವ ನಕ್ಕರು. ಅತ್ತೆ ಹೋದ ಮೇಲೆ ನಾನು ಕಂಡ ಮೊದಲ ನಗು ಅಂತೆಲ್ಲ ಹೇಳಲಾರೆ, ಆದರೆ ಅಪರೂಪದ್ದೇ. ಮುಚ್ಚಳ ಒತ್ತಿ ಹಾಕಿ, ಅಂಗಡಿಯಿಂದ ಎರಡು ಪೊಟ್ಟಣ ಮಂಡಕ್ಕಿ ತಂದು ಒಂದು ನನ್ನ ಕೈಗೆ ಕೊಟ್ಟರು. 'ತಗೋ. ಅವಳ ಹೆಸರಲ್ಲಿ ಇವಕ್ಕೇ ಹಾಕು.'

ಮಂಡಕ್ಕಿ ಎರಚುವಾಗ ಕಪ್ಪೆ ಶಂಕರನ ಕಡೆ ಮತ್ತೊಮ್ಮೆ ನೋಡಿದೆ. ಹಾವು ಕಪ್ಪೆಗೆ ನೆರಳು ಹಿಡಿದದ್ದನ್ನ ನಾವು ಇವತ್ತಿಗೂ ಹೇಳಿಕೊಳ್ಳೋದು ಅದು ದಿನಾ ನಡೆಯುವ ಸಂಗತಿ ಅಲ್ಲ ಅನ್ನೋ ಕಾರಣಕ್ಕೆ. ಪುಣ್ಯಕ್ಷೇತ್ರದಲ್ಲಿ ಪವಾಡ ಆಗಬಹುದು. ಹಾಲ್‌ನಲ್ಲಿಟ್ಟ ಎರಡಡಿ ಪೆಟ್ಟಿಗೆಯಲ್ಲಿ ಏಂಜೆಲ್‌ನಿಂದ ಆ ಪವಾಡ ನಿರೀಕ್ಷಿಸಿದ್ದು ನನ್ನ ತಪ್ಪು.

ಕೇಳಬೇಕಿದ್ದ ಪ್ರಶ್ನೆಗಳು

ಊರಿನ ಮನೆಯ ಅಂಗಳದಲ್ಲಿ ಸಿಮೆಂಟಿನ ತೊಟ್ಟಿ ಇದೆ. 'ಅದ್ರಲ್ಲಿ ಇರ್ಲಿ' ಅಂದ ಗಂಡ. ನನಗೂ ಒಂದು ಕ್ಷಣ ಸರಿ ಅನ್ನಿಸ್ತು. ಬೇಡ ಅಂದವರು ಮಾವನೇ. 'ಆಷಾಢದಲ್ಲಿ ತೊಟ್ಟಿ ತುಂಬಿ ಹರಿಯೋದು ಎಲ್ಲಿಗೆ? ಹಳ್ಳಕ್ಕೆ.' ಸಕ್ಕರ್ ಅದೇ ಬಕೆಟ್‌ನಲ್ಲಿ, ಅದೇ ದಾರಿಯಲ್ಲಿ ಬೆಂಗಳೂರಿಗೆ ವಾಪಸ್ ಬಂತು.

ಮಾವ ಬರಲಿಲ್ಲ. ಅಡಿಕೆ ಕೊಯ್ಲು ಶುರುವಾಗಿತ್ತು. ಅಣ್ಣನ ಮಗ ಒಬ್ಬನೇ ಒದ್ದಾಡ್ತಿದ್ದ. 'ಕೊಯ್ಲು ಮುಗಿಯೋವರೆಗೆ ಇಲ್ಲೇ ಇರ್ತೀನಿ. ಆಮೇಲೆ ಬರ್ತೀನಿ, ಮತ್ತೆ ಕೊಯ್ಲಿಗೆ ಹೋಗ್ತೀನಿ' ಅಂದ್ರು. ಗಂಡ ಏನೋ ಹೇಳೋಕೆ ಹೊರಟ. ಅವನ ಕೈ ಒತ್ತಿ ಸುಮ್ಮನಿರಿಸಿದೆ. ಯಾವ ನೀರು ತಮಗೆ ಹೊಂದುತ್ತೆ ಅಂತ ಹೇಳಬಲ್ಲವರನ್ನ ಕೇಳೋದು ವಾಸಿ.

ಬೆಂಗಳೂರಿಗೆ ಬಂದು ಮೂರು ವಾರ ಹುಡುಕಿದ ಮೇಲೆ, ಸಹೋದ್ಯೋಗಿಯ ಪರಿಚಯದವರೊಬ್ಬರು ಸಕ್ಕರನ್ನ ಸಾಕೋಕೆ ಒಪ್ಪಿದ್ರು. ಅವರ ಮನೆಯಲ್ಲಿ 6 ಅಡಿ ಉದ್ದದ ಟ್ಯಾಂಕ್, ಅದರಲ್ಲಿ ದೊಡ್ಡ ಆಸ್ಕರ್ ಮೀನುಗಳು. ಒಪ್ಪೋ ಮೊದಲು ಫೋನಿನಲ್ಲಿ ನನ್ನನ್ನ ಚೆನ್ನಾಗಿ ವಿಚಾರಿಸಿದ್ರು. ಈಗ ಎಷ್ಟು ಉದ್ದ ಇದೆ, ಯಾವ ನೀರಲ್ಲಿ ಇದೆ, ಏನು ತಿನ್ನುತ್ತೆ, ಯಾರ ಜೊತೆ ಇತ್ತು. ಜನವರಿಯಲ್ಲಿ ಅಂಗಡಿಯಲ್ಲಿ ನಿಂತು ನಾನು ಕೇಳಬೇಕಿದ್ದ ಪ್ರಶ್ನೆಗಳನ್ನೇ ಅವರು ನನಗೆ ಕೇಳ್ತಿದ್ರು.

ನೀವೂ ಹೊಸದಾಗಿ ಟ್ಯಾಂಕ್ ಇಡೋರಾದರೆ, ನನ್ನ ಹದಿನೆಂಟು ಮೀನಿನ ಲೆಕ್ಕದಲ್ಲಿ ಕಲಿತದ್ದು ಇಷ್ಟು.

ಮೊದಲು ನೀರು, ಆಮೇಲೆ ಮೀನು. ನಿಮ್ಮ ಮನೆಗೆ ಬರೋದು ಕಾವೇರಿಯೋ, ಬೋರ್‌ವೆಲ್ಲೋ? ಬೋರ್‌ನ ಗಡಸು ನೀರಾದರೆ ಗಪ್ಪಿ, ಮೋಲಿ, ಪ್ಲಾಟಿ ಸುಖವಾಗಿರ್ತವೆ. ಅಮೆಜಾನ್ ಕಡೆಯ ನಿಯಾನ್‌ಗೆ ಮೆದು ನೀರು ಬೇಕು. ಎರಡನ್ನೂ ಒಂದೇ ಟ್ಯಾಂಕಿನಲ್ಲಿ ಇಟ್ಟರೆ ಯಾರಾದ್ರೂ ಒಬ್ಬರು ಸೊರಗ್ತಾರೆ. ಗೋಲ್ಡ್ ಫಿಶ್ ತಣ್ಣೀರಿನ ಮೀನು, ಗಲೀಜೂ ಜಾಸ್ತಿ. ಹೀಟರ್ ಇಟ್ಟ ಟ್ಯಾಂಕಿನ ಮೀನುಗಳ ಜೊತೆ ಅದಕ್ಕೆ ಹೊಂದೋದಿಲ್ಲ.

ಎರಡನೆಯದು ಬಾಯಿ. ಅಂಗಡಿಯಲ್ಲಿರೋದು ಮರಿ. ಪೂರ್ತಿ ಬೆಳೆದ ಮೇಲೆ ಎಷ್ಟು ದೊಡ್ಡದಾಗುತ್ತೆ ಅಂತ ಕೇಳಿ. ಒಂದು ಮೀನು ಇನ್ನೊಂದರ ಬಾಯಲ್ಲಿ ಹಿಡಿಯೋ ಹಾಗಿದ್ದರೆ, ಇವತ್ತಲ್ಲ ನಾಳೆ ಹಿಡಿಸುತ್ತೆ. ಏಂಜೆಲ್ ಜಗಳಗಂಟಿಯಲ್ಲ. ಅದಕ್ಕೆ ನಿಯಾನ್ ಜೊತೆಗಾರ ಅಲ್ಲ, ಊಟ. ಸಕ್ಕರ್ ಒಂದಡಿ ದಾಟಿ ಬೆಳೆಯುತ್ತೆ ಅಂತ ನನಗೆ ಮೊದಲೇ ಗೊತ್ತಿದ್ದಿದ್ದರೆ ಅದನ್ನ ತರ್ತಾನೇ ಇರಲಿಲ್ಲ.

ಮೂರನೆಯದು ಸ್ವಭಾವ, ಅದರ ಜೊತೆಗೆ ಸಂಖ್ಯೆ. ಟೈಗರ್ ಬಾರ್ಬ್ ಕೆಟ್ಟ ಮೀನಲ್ಲ. ಎಂಟು ಹತ್ತು ಇದ್ದರೆ ತಮ್ಮ ತಮ್ಮಲ್ಲೇ ಅಟ್ಟಾಡಿಕೊಂಡು ಇರ್ತವೆ. ನಾಲ್ಕೈದೇ ಇದ್ದರೆ ಕೋಪ ಪಕ್ಕದವರ ಮೇಲೆ. ಹೇಗಿದ್ದರೂ ಉದ್ದ ಬಾಲದ, ನಿಧಾನದ ಮೀನಿನ ಜೊತೆ ಅದು ಬೇಡ. ಫೈಟರ್ ಗಂಡು ಮೀನು ಒಂದು ಟ್ಯಾಂಕಿಗೆ ಒಂದೇ. ನಿಯಾನ್, ಕೋರಿಡೋರಾಸ್ ಥರದವು ಕನಿಷ್ಠ ಆರು ಇರಬೇಕು. ಒಂದೋ ಎರಡೋ ತಂದರೆ ಜೀವಮಾನವಿಡೀ ಹೆದರಿ ಮೂಲೆಯಲ್ಲಿರ್ತವೆ.

ನಾಲ್ಕನೆಯದು ಮಾವ ಸಂಕದ ಮೇಲೆ ಹೇಳಿದ್ದು. ಮೇಲಿನಮನೆ, ನಡುಮನೆ, ಕೆಳಗಿನಮನೆ ಮೂರಕ್ಕೂ ಬೇರೆ ಬೇರೆ ಜನ ಇರಲಿ. ಎಲ್ಲರನ್ನೂ ಒಂದೇ ಅಂಗಳಕ್ಕೆ ತಂದು ಹಾಕಬೇಡಿ. ಹೆದರಿದವರಿಗೆ ಅಡಗೋಕೆ ಗಿಡ, ಕಲ್ಲು, ಮರದ ಬೇರು ಕೊಡಿ.

ಇನ್ನೊಂದು, ಅವಸರ ಬೇಡ. ಮೀನಿನ ಗಲೀಜನ್ನ ಜೀರ್ಣ ಮಾಡುವ ಬ್ಯಾಕ್ಟೀರಿಯಾ ಹೊಸ ಟ್ಯಾಂಕಿನ ಫಿಲ್ಟರಿನಲ್ಲಿ ನೆಲೆಯಾಗೋಕೆ ನಾಲ್ಕರಿಂದ ಆರು ವಾರ ಬೇಕು. ಅದಕ್ಕೆ ಮೊದಲು ಹದಿನೆಂಟು ಮೀನು ಬಿಟ್ಟರೆ, ಅಮೋನಿಯದಲ್ಲಿ ಜೊತೆಗಾರರೆಲ್ಲ ಒಟ್ಟಿಗೇ ಸಾಯಬಹುದು. ನನಗೆ ಅಷ್ಟರಮಟ್ಟಿಗೆ ಅದೃಷ್ಟವಿತ್ತು. ಎಷ್ಟು ನೋಡಿ ತಂದರೂ ಹೊಂದದೆ ಹೋದರೆ ಅಂಗಡಿಗೆ ವಾಪಸ್ ಕೊಡಿ, ದೊಡ್ಡ ಟ್ಯಾಂಕ್ ಇರೋರನ್ನ ಹುಡುಕಿ. ಕೆರೆಗೆ, ಹೊಳೆಗೆ ಮಾತ್ರ ಬಿಡಬೇಡಿ. ಜೊತೆ ಮಾಡಿದವರು ನಾವು, ತಪ್ಪಿದರೆ ಅದನ್ನ ಹೊಳೆಯ ತಲೆಗೆ ಕಟ್ಟೋದು ಸರಿಯಲ್ಲ.

ಬೆಳಗಿನ ಫೋನು

ಈಗ ನಮ್ಮ ಟ್ಯಾಂಕಿನಲ್ಲಿ ಮೇಲೆ ಒಂದು ಜೋಡಿ ಹನಿ ಗೌರಾಮಿ, ನಡುವೆ 8 ನಿಯಾನ್, ತಳದ ಮರಳಲ್ಲಿ 6 ಕೋರಿಡೋರಾಸ್. ಅದೂ ಒಂದೇ ದಿನ ಬಂದದ್ದಲ್ಲ. ಉಳಿದಿದ್ದ ಮೂರು ನಿಯಾನ್‌ಗೆ ಮೊದಲು ಐದು ಜೊತೆಗಾರರು ಬಂದ್ರು. ಎರಡು ವಾರ ಬಿಟ್ಟು ಕೋರಿಡೋರಾಸ್. ಇನ್ನೆರಡು ವಾರ ಬಿಟ್ಟು ಗೌರಾಮಿ. ಮೂಲೆಯಲ್ಲಿ ಅಡಗಿರ್ತಿದ್ದ ಆ ಹಳೇ ಮೂರು ಯಾವುವು ಅಂತ ಈಗ ನನಗೂ ಗುರುತು ಸಿಗಲ್ಲ.

ದಿನಾ ಬೆಳಗ್ಗೆ ಏಳಕ್ಕೆ ಫೋನು ಬರುತ್ತೆ. ಹಿಂದೆ ಅಡಿಕೆ ಸುಲಿಯೋರ ಮಾತು, ಕೋಳಿ ಕೂಗೋ ಸದ್ದು.

'ಎಷ್ಟಿದಾವೆ ಮಾರಾಯ್ತಿ?'

ನಾನು ಕಾಫಿ ಲೋಟ ಹಿಡಿದುಕೊಂಡು ಟ್ಯಾಂಕಿನ ಮುಂದೆ ಬಗ್ಗಿ ಎಣಿಸ್ತೀನಿ. ಕೋರಿಡೋರಾಸ್ ಒಂದು ಯಾವಾಗಲೂ ಕಲ್ಲಿನ ಹಿಂದೆ ಸೇರಿರುತ್ತೆ. ಅದು ಹೊರಗೆ ಬರೋವರೆಗೂ ಮಾವ ಆ ಕಡೆ ಕಾಯ್ತಾರೆ.

'ಹದಿನಾರೂ ಇದಾವೆ ಮಾವ.'

'ಹಾಂ, ಸರಿ ಹಂಗಾದ್ರೆ' ಅಂತ ಫೋನ್ ಇಡ್ತಾರೆ.